ಆಲೂಗಡ್ಡೆ ಕರಿಯುವವನ ಮೂತ್ರ ಯಾರಿಗೆ ಬೇಕು?

1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ಬಾಗಿಲು ತೆರೆದಾಗ ಎದ್ದ ರಾದ್ಧಾಂತವೆಲ್ಲ ಕೋಳಿಯದು. ಮಸಾಲೆಯಲ್ಲಿ ಟೇಸ್ಟಿಂಗ್ ಪೌಡರ್ ಮಿತಿ ಮೀರಿದೆ ಎಂದು ಪಾಲಿಕೆ ಲೈಸೆನ್ಸ್ ರದ್ದು ಮಾಡಿತು, ಕಂಪನಿ ಹೈಕೋರ್ಟಿನ ಮೆಟ್ಟಿಲೇರಿತು. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಒಳನುಗ್ಗಿ ಕೈಗೆ ಸಿಕ್ಕಿದ್ದನ್ನು ಪುಡಿಗಟ್ಟಿದರು. 2024ರ ಮಾರ್ಚ್‌ನಲ್ಲಿ ನಮ್ಮ ಆರೋಗ್ಯ ಇಲಾಖೆ ಗೋಬಿ ಮಂಚೂರಿಯ 171 ಮಾದರಿಗಳನ್ನು ಪರೀಕ್ಷೆಗೆ ಕಳಿಸಿ, 107ರಲ್ಲಿ ಕೃತಕ ಬಣ್ಣ ಕಂಡು, ಆ ಬಣ್ಣದ ಬಳಕೆಗೆ ನಿಷೇಧ ಹೇರಿತು. ಆ ಜಗಳಗಳಲ್ಲಿ ಯಾರು ಎಷ್ಟು ಸರಿ ಎಂಬುದು ಬೇರೆ ಮಾತು. ತಟ್ಟೆಯಲ್ಲಿ ಏನಿದೆ ಎಂಬುದೇ ಪ್ರಶ್ನೆಯಾಗಿತ್ತು ಎನ್ನುವುದಷ್ಟೇ ಇಲ್ಲಿ ಮುಖ್ಯ. ಸೌಟು ಹಿಡಿದವನ ಮೂತ್ರದಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ.

ಅಮೆರಿಕದಲ್ಲಿ ಕೇಳಿದರು. 1986ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ರೇಗನ್ ಕೇಂದ್ರ ಸರ್ಕಾರಿ ನೌಕರರಿಗೆ ‘ಮಾದಕಮುಕ್ತ ಕಚೇರಿ’ಯ ಆದೇಶ ಹೊರಡಿಸಿದರು. ಅಲ್ಲಿಂದ ಮೂತ್ರ ಪರೀಕ್ಷೆಯ ರೂಢಿ ಖಾಸಗಿ ಕಂಪನಿಗಳಿಗೆ ಹಬ್ಬಿತು. ಬರ್ಗರ್ ಕಟ್ಟುವ, ನೆಲ ಒರೆಸುವ ಕೆಲಸಕ್ಕೆ ಅರ್ಜಿ ಹಾಕಿದವರ ಕೈಗೂ ಎಷ್ಟೋ ಕಡೆ ಪ್ಲಾಸ್ಟಿಕ್ ಬಟ್ಟಲು ಬಂತು. ನಮ್ಮಲ್ಲಿಗೆ ಅದು ಐಟಿ ಕಂಪನಿಗಳ ಬಾಗಿಲಿನಿಂದ ಬಂದಿದೆ. ವಿದೇಶಿ ಗ್ರಾಹಕ ಕೇಳುತ್ತಾನೆಂದು ಬೆಂಗಳೂರಿನ ಎಂಜಿನಿಯರುಗಳಿಗೆ ಐದು, ಹತ್ತು ಬಗೆಯ ಮಾದಕ ಹುಡುಕುವ ‘ಫೈವ್ ಪ್ಯಾನೆಲ್’, ‘ಟೆನ್ ಪ್ಯಾನೆಲ್’ ಟೆಸ್ಟ್ ಮಾಡಿಸುತ್ತಾರೆ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಕಂಪನಿಗಳು ಅದನ್ನೇ ಪ್ಯಾಕೇಜ್ ಕಟ್ಟಿ ಮಾರುತ್ತವೆ. ಅಲ್ಲಿಂದ ಪಿಜ್ಜಾ ಕೌಂಟರಿಗೆ ಇಳಿಯಲು ಉತ್ಸಾಹಿ ಎಚ್‌ಆರ್ ಮ್ಯಾನೇಜರ್ ಒಬ್ಬ ಸಾಕು.

ಇದಕ್ಕೆ ನಮ್ಮ ಕಡೆಯ ಹಿರಿಯರಿಂದಲೇ ಚಪ್ಪಾಳೆ ಸಿಗುತ್ತದೆ. “ಇರ್ಲಿ ಬಿಡ್ರಿ, ಗಾಂಜಾ ಹೊಡ್ಯಾವ್ರು ಸಿಕ್ಕೋತಾರ, ಒಳ್ಳೆ ಹುಡುಗರಿಗೇನು ಅಂಜಿಕಿ?” ನನ್ನ ತಕರಾರು ಇರುವುದು ಈ ಮಾತಿನ ಮೇಲೇ. ನಮ್ಮ ವಿಜಯಪುರ ಜಿಲ್ಲೆಯ ನಿಡೋಣಿಯಂಥ ಊರಿನಲ್ಲಿ ಹೊಲ ಅಣ್ಣತಮ್ಮಂದಿರ ಪಾಲಾಗಿ ಚೂರಾಗಿದೆ. ದ್ರಾಕ್ಷಿ ಕೈ ಹಿಡಿದವರು ಉಳಿದಿದ್ದಾರೆ, ಅದು ಕೈಕೊಟ್ಟವರು ಪುಣೆ, ಗೋವಾ, ಬೆಂಗಳೂರಿನ ಬಸ್ಸು ಹತ್ತಿದ್ದಾರೆ. ಪಿಯುಸಿ ಮುಗಿಸಿದ ಹುಡುಗನಿಗೆ ಫಾಸ್ಟ್‌ಫುಡ್ ಕೌಂಟರ್ ಎಂದರೆ ಪಿಎಫ್ ಕಟ್ಟುವ, ಟೋಪಿ-ಟೀಶರ್ಟ್ ಕೊಡುವ ಮೊದಲ ನೌಕರಿ. ಆ ಬಾಗಿಲಲ್ಲಿ ಅವನನ್ನು ಸಂಶಯಿತನಂತೆ ನಿಲ್ಲಿಸುವುದು ಸಣ್ಣ ಸಂಗತಿಯಲ್ಲ.

ಕಟ್ಟುನಿಟ್ಟಾಗಿ ನಡೆಯುವ ಮೂತ್ರ ಪರೀಕ್ಷೆ ಹೇಗಿರುತ್ತದೆ ನೋಡಿ. ಜೇಬು ಖಾಲಿ ಮಾಡಿಸುತ್ತಾರೆ. ಶೌಚಾಲಯದ ನಲ್ಲಿ ಬಂದ್ ಮಾಡಿರುತ್ತಾರೆ, ಕಮೋಡಿನ ನೀರಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಅಭ್ಯರ್ಥಿ ನೀರು ಬೆರೆಸಿ ಮೋಸ ಮಾಡಬಾರದಲ್ಲ! ಬಟ್ಟಲಿನ ಹೊರಮೈಗೆ ಉಷ್ಣತೆ ತೋರಿಸುವ ಪಟ್ಟಿ ಅಂಟಿಸಿರುತ್ತದೆ. ಅಮೆರಿಕದ ನಿಯಮದ ಪ್ರಕಾರ ಕೊಟ್ಟ ನಾಲ್ಕು ನಿಮಿಷದೊಳಗೆ ಅದು 32ರಿಂದ 38 ಡಿಗ್ರಿ ತೋರಿಸಬೇಕು. ತೋರಿಸದಿದ್ದರೆ ಇನ್ನೊಮ್ಮೆ ಕೊಡಬೇಕು, ಈ ಸಲ ಒಬ್ಬರು ನೋಡುತ್ತಿರುವಾಗ. ಇಷ್ಟೆಲ್ಲ ಆಲೂಗಡ್ಡೆ ಕರಿಯುವ ಕೆಲಸಕ್ಕೆ.

ಇಷ್ಟು ಮಾಡಿಯೂ ಸಿಗುವುದೇನು? ಗಾಂಜಾದ ಅಂಶ ದೇಹದ ಕೊಬ್ಬಿನಲ್ಲಿ ಕೂತು, ಸೇದುವ ರೂಢಿಯಿದ್ದವರ ಮೂತ್ರದಲ್ಲಿ ವಾರಗಟ್ಟಲೆ ಕಾಣಿಸಿಕೊಳ್ಳುತ್ತದೆ. ಅಮಲು ಇಳಿದು ಎಷ್ಟೋ ದಿನವಾಗಿದ್ದರೂ ಪರೀಕ್ಷೆ ‘ಪಾಸಿಟಿವ್’ ಎನ್ನುತ್ತದೆ. ಹಿಂದಿನ ರಾತ್ರಿ ಕ್ವಾರ್ಟರ್ ಹಾಕಿ, ಬೆಳಿಗ್ಗೆ ಕೈ ನಡುಗಿಸುತ್ತ ಬಂದವನು ಈ ಪ್ಯಾನೆಲ್‌ಗಳಲ್ಲಿ ಆರಾಮಾಗಿ ಪಾಸಾಗುತ್ತಾನೆ, ಏಕೆಂದರೆ ಮದ್ಯ ಸಾಮಾನ್ಯವಾಗಿ ಅವುಗಳ ಪಟ್ಟಿಯಲ್ಲೇ ಇರುವುದಿಲ್ಲ. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಎಣಿಸಿಕೊಂಡು ಕೂತ ರಾಜ್ಯದಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಗಸಗಸೆ. ದೀಪಾವಳಿಯ ಅನಾರಸದ ಮೈತುಂಬ ಅದೇ, ಮಾದಲಿಗೂ ಅದು ಬೇಕು. ಅದು ಅಫೀಮಿನ ಗಿಡದ ಬೀಜ. ತಿಂದರೆ ಅಮಲೇರುವುದಿಲ್ಲ, ಮೂತ್ರದಲ್ಲಿ ಮಾತ್ರ ಮಾರ್ಫಿನ್ ಕಾಣಿಸಬಹುದು. ಗಸಗಸೆ ಹಾಕಿದ ಬ್ರೆಡ್ ತಿಂದವರೂ ಸಿಕ್ಕಿಬೀಳುತ್ತಾರೆಂದೇ ಅಮೆರಿಕ 1998ರಲ್ಲಿ ತನ್ನ ಸರ್ಕಾರಿ ಪರೀಕ್ಷೆಯ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿತು. ಕೊಡೀನ್ ಇರುವ ಕೆಮ್ಮಿನ ಔಷಧ, ಸೊಂಟನೋವಿಗೆ ಡಾಕ್ಟರೇ ಬರೆದ ಟ್ರಮಡಾಲ್, ನೆಗಡಿ ಮಾತ್ರೆ ಎಲ್ಲವೂ ಒಂದಲ್ಲ ಒಂದು ಪ್ಯಾನೆಲ್‌ನಲ್ಲಿ ಗೆರೆ ಮೂಡಿಸಬಲ್ಲವು. ಅದಕ್ಕೇ ಮೊದಲ ಪರೀಕ್ಷೆಯ ಫಲಿತಾಂಶವನ್ನು ದೊಡ್ಡ ಯಂತ್ರದಲ್ಲಿ ಮರುಪರೀಕ್ಷಿಸಿ, ಡಾಕ್ಟರೊಬ್ಬರು ಅಭ್ಯರ್ಥಿಯ ಜೊತೆ ಮಾತಾಡಬೇಕು ಎನ್ನುವ ನಿಯಮ ಅಲ್ಲಿದೆ. ಆರು ತಿಂಗಳಿಗೆ ಅರ್ಧ ಸಿಬ್ಬಂದಿ ಬದಲಾಗುವ ಅಂಗಡಿಯವನು ಮರುಪರೀಕ್ಷೆಗೆ ದುಡ್ಡು ಸುರಿಯುತ್ತಾನೆಯೇ? ಸಾಲಿನಲ್ಲಿ ನಿಂತ ಮುಂದಿನ ಹುಡುಗನನ್ನು ಕರೆಯುತ್ತಾನೆ, ಅಷ್ಟೇ.

ಕುದಿಯುವ ಎಣ್ಣೆಯ ಮುಂದೆ ಅಮಲಿನಲ್ಲಿ ನಿಂತರೆ ಅಪಾಯವಲ್ಲವೇ ಎಂದು ಕೇಳಬಹುದು. ಖಂಡಿತ ಅಪಾಯ. ಆದರೆ ಅದು ಇವತ್ತಿನ ಪಾಳಿಯ ಅಪಾಯ, ನೌಕರಿಗೆ ಸೇರುವ ಮುಂಚಿನ ವಾರದ್ದಲ್ಲ. ಅದನ್ನು ತಡೆಯುವುದು ಕಣ್ಣು ತೆರೆದಿರುವ ಸೂಪರ್‌ವೈಸರ್, ಹತ್ತು ತಾಸು ನಿಲ್ಲಿಸದ ಪಾಳಿ ಮತ್ತು ಜಾರದ ನೆಲ. ಗ್ರಾಹಕನ ಹೊಟ್ಟೆಯ ಚಿಂತೆ ನಿಜವಾಗಿದ್ದರೆ ಅದಕ್ಕೆ ಕಾನೂನು ಆಗಲೇ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಯಮಾವಳಿಯ ನಾಲ್ಕನೇ ಅನುಸೂಚಿ, ಅಡುಗೆಗೆ ಕೈಹಾಕುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಆಗಬೇಕು, ಟೈಫಾಯ್ಡ್‌ನಂಥ ಕರುಳಿನ ರೋಗಗಳಿಗೆ ಲಸಿಕೆ ಹಾಕಿಸಬೇಕು ಎನ್ನುತ್ತದೆ. ಕೈಗೆ ಗಾಯವಾದವನು, ಭೇದಿಯಾದವನು ಆಹಾರ ಮುಟ್ಟಕೂಡದು. ಎಷ್ಟು ಹೋಟೆಲುಗಳಲ್ಲಿ ಆ ಸರ್ಟಿಫಿಕೇಟು ಮುಖ ನೋಡದೆ ಸಹಿ ಬಿದ್ದು ಬರುತ್ತದೆ ಎಂದು ಹೋಟೆಲಿನವರನ್ನೇ ಕೇಳಿ. ರಜೆಗೆ ಸಂಬಳ ಹಿಡಿಯುವ ಕಡೆ, ಜ್ವರ ಬಂದ ಹುಡುಗ ಗುಳಿಗೆ ನುಂಗಿ ಕೆಲಸಕ್ಕೆ ಬರುತ್ತಾನೆ. ತಟ್ಟೆಗೆ ಟೈಫಾಯ್ಡ್ ಬರುವ ದಾರಿ ಅದು. ಅದರ ಬಗ್ಗೆ ಕಾಳಜಿ ಇಲ್ಲದವರಿಗೆ ಗಾಂಜಾದ ಬಗ್ಗೆ ಮಾತ್ರ ಇಷ್ಟು ಕಾಳಜಿ ಏಕೆ?

ನಮ್ಮ ಖಾನಾವಳಿಗಳಲ್ಲಿ ಕೆಲಸಕ್ಕೆ ಸೇರಿಸುವಾಗ ಒಂದೇ ಪ್ರಶ್ನೆ: “ಯಾರ ಮನಿಯಾಂವ ನೀ?” ಊರು, ಅಪ್ಪನ ಹೆಸರು, ಪರಿಚಯದವರೊಬ್ಬರ ಮಾತು, ಅಲ್ಲಿಗೆ ತಪಾಸಣೆ ಮುಗಿಯಿತು. ಇದನ್ನು ಹಾಡಿ ಹೊಗಳುವ ಇರಾದೆ ನನಗಿಲ್ಲ. ಆ ಪ್ರಶ್ನೆಯ ಹೊಟ್ಟೆಯಲ್ಲಿ ಜಾತಿ ಇತ್ತು. ರೊಟ್ಟಿ ಬಡಿಯಲು ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗೆ ತಾಟು ತೊಳೆಯಲು ಹಚ್ಚಬೇಕು ಎಂಬುದು ಅದರಲ್ಲೇ ತೀರ್ಮಾನವಾಗುತ್ತಿತ್ತು. ಕಂಪನಿಯ ಕೌಂಟರ್ ಹಳ್ಳಿಯ ಹುಡುಗ-ಹುಡುಗಿಯರಿಗೆ ಹಿಡಿಸಿದ್ದೇ ಅಲ್ಲಿ ಆ ಪ್ರಶ್ನೆ ಇಲ್ಲವೆಂದು. ಈಗ ಬಟ್ಟಲಿನ ರೂಪದಲ್ಲಿ, ಕೆಲಸಕ್ಕೆ ಸಂಬಂಧವಿಲ್ಲದ ಇನ್ನೊಂದು ಪ್ರಶ್ನೆಯನ್ನು ಕಂಪನಿಯೇ ಕೇಳುವುದಾದರೆ ಖಾನಾವಳಿಯ ಮಾಲಕನಿಗಿಂತ ಅದು ಹೇಗೆ ಮೇಲು?

ವಿಮಾನ ಹಾರಿಸುವವರಿಗೂ ಪರೀಕ್ಷೆಯಿದೆಯಲ್ಲ ಎನ್ನುವವರಿದ್ದಾರೆ. ಇದೆ. 2022ರ ಜನವರಿ 31ರಿಂದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮ ಜಾರಿಯಲ್ಲಿದೆ. ವಿಮಾನ ಸಿಬ್ಬಂದಿ ಮತ್ತು ಏರ್ ಟ್ರಾಫಿಕ್ ಕಂಟ್ರೋಲರುಗಳಲ್ಲಿ ವರ್ಷಕ್ಕೆ ಶೇಕಡ 10 ಮಂದಿಯನ್ನಾದರೂ ಪರೀಕ್ಷಿಸಬೇಕು. ನೂರೆಂಟು ಜೀವ ಕೈಯಲ್ಲಿ ಹಿಡಿದವರಿಗೆ ಅದು ನ್ಯಾಯ. ಆದರೆ ಮೊದಲ ಸಲ ಸಿಕ್ಕಿಬಿದ್ದ ಪೈಲಟ್‌ಗೆ ಆ ನಿಯಮ ಏನು ಮಾಡುತ್ತದೆ? ಚಿಕಿತ್ಸೆಗೆ ಕಳಿಸುತ್ತದೆ, ವಾಸಿಯಾದರೆ ಮರಳಿ ಕೆಲಸಕ್ಕೆ ಬಿಡುತ್ತದೆ. ಎರಡನೇ ಸಲಕ್ಕೆ ಮೂರು ವರ್ಷ ಅಮಾನತು, ಮೂರನೇ ಸಲಕ್ಕೆ ಲೈಸೆನ್ಸ್ ರದ್ದು. ಪೈಲಟ್‌ಗೆ ಎರಡು ಅವಕಾಶ, ಆಲೂಗಡ್ಡೆ ಕರಿಯುವವನಿಗೆ ಒಂದೂ ಇಲ್ಲ.

2018ರ ಜುಲೈಯಲ್ಲಿ ಪಂಜಾಬಿನ ಅಮರಿಂದರ್ ಸಿಂಗ್ ಸರ್ಕಾರ, ನೇಮಕಾತಿಯಿಂದ ಹಿಡಿದು ಸರ್ಕಾರಿ ನೌಕರರೆಲ್ಲರಿಗೂ ಡೋಪ್ ಟೆಸ್ಟ್ ಎಂದಿತು. ನೌಕರರು ಸುಮ್ಮನಿರಲಿಲ್ಲ, ಮೊದಲು ಮಂತ್ರಿಗಳು, ಶಾಸಕರು ಮಾಡಿಸಿಕೊಳ್ಳಲಿ ಎಂದರು. ಸಂಘ ಇದ್ದವರಿಗೆ ಹಾಗೆ ತಿರುಗಿ ಕೇಳುವ ಧೈರ್ಯ ಇರುತ್ತದೆ. ಕೌಂಟರಿನ ಹುಡುಗರಿಗೆ ಎಲ್ಲಿಯ ಸಂಘ?

ಕಾನೂನಿನ ದಾರಿ ಪೂರ್ತಿ ಮುಚ್ಚಿಲ್ಲ. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ ಕೂಡದೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದ್ದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂಬ ತೀರ್ಪು ತಂದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಇವೆರಡೂ ಮುಖ್ಯವಾಗಿ ಸರ್ಕಾರದ ಕೈ ಕಟ್ಟುತ್ತವೆ, ಪಿಜ್ಜಾ ಕಂಪನಿಯ ಕೈಯನ್ನಲ್ಲ ಎಂಬುದು ನಿಜ. ಆದರೆ ಇನ್ನೊಂದು ಕಾಯ್ದೆ ಖಾಸಗಿಯವರಿಗೂ ಅನ್ವಯಿಸುತ್ತದೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನೌಕರಿ ಕೊಡಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವಂತಿಲ್ಲ. ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆ ಕೂಡ, ಸೇವನೆಯನ್ನು ಅಪರಾಧ ಎನ್ನುತ್ತಲೇ, ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ 64ಎ ಕಲಮಿನಡಿ ರಕ್ಷಣೆ ಕೊಡುತ್ತದೆ. ಇನ್ನು ಅಮೆರಿಕ: ನೆವಾಡ 2020ರಿಂದ, ಕ್ಯಾಲಿಫೋರ್ನಿಯ 2024ರಿಂದ, ಹಳೆಯ ಗಾಂಜಾ ಕುರುಹು ನೋಡಿ ನೌಕರಿ ನಿರಾಕರಿಸುವುದಕ್ಕೆ ಹೆಚ್ಚಿನ ಕೆಲಸಗಳಲ್ಲಿ ತಡೆ ಹಾಕಿವೆ. ಅವರು ಬಿಚ್ಚಿಡುತ್ತಿರುವ ಅಂಗಿಯನ್ನು ನಾವು ಹೊಸದೆಂದು ತೊಡಬೇಕೆ?

ವಿಜಯಪುರದ ಹುಡುಗರು ಗಾಂಜಾ ಸೇದುವುದಿಲ್ಲ ಎಂದು ನಾನು ವಾದಿಸುತ್ತಿಲ್ಲ. ಸೇದುತ್ತಾರೆ, ಮನೆಗಳೂ ಹಾಳಾಗಿವೆ. ಅಂಥವನು ಚಟ ಬಿಟ್ಟು ಮೇಲೇಳಲು ಬೇಕಾದ ಮೊದಲ ಆಸರೆಯೇ ತಿಂಗಳ ಪಗಾರ. ಅದನ್ನು ಕಿತ್ತುಕೊಂಡರೆ ಅವನು ವಾಪಸು ಹೋಗುವುದು ಅದೇ ಕಟ್ಟೆಗೆ, ಅದೇ ಗೆಳೆಯರ ನಡುವೆ. ಕಂಪನಿಗೆ ಅಷ್ಟು ಕಳಕಳಿ ಇದ್ದರೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ನ್ನು ಸಿಬ್ಬಂದಿ ಕೋಣೆಯ ಗೋಡೆಗೆ ಬರೆಸಲಿ, ಚಿಕಿತ್ಸೆಗೆ ಹೋದವನ ಕೆಲಸ ಉಳಿಸಲಿ.

ಕಾರ್ಮಿಕ ಇಲಾಖೆ ಮಾಡಬೇಕಾದ ಕೆಲಸ ಸರಳ. ವಾಹನ, ಯಂತ್ರ, ವಿಮಾನದಂಥ ಕೆಲಸಗಳನ್ನು ಹೆಸರಿಸಿ ಹೊರಗಿಟ್ಟು, ಉಳಿದ ನೌಕರಿಗಳಿಗೆ ಸೇರ್ಪಡೆಪೂರ್ವ ಮಾದಕ ಪರೀಕ್ಷೆ ಕೂಡದು ಎಂದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಗೆ ಒಂದು ಕಲಮು ಸೇರಿಸಬೇಕು. ಅಲ್ಲಿಯವರೆಗೆ, ಬಟ್ಟಲು ಕೈಗೆ ಬಂದ ಹುಡುಗ ಹುಡುಗಿಯರು ಸಹಿ ಹಾಕುವ ಮುಂಚೆ ಬಾಯಿಬಿಟ್ಟು ಕೇಳಲಿ: ಯಾವ ಯಾವ ಪದಾರ್ಥ ಹುಡುಕುತ್ತೀರಿ, ಮರುಪರೀಕ್ಷೆ ಯಾರ ಖರ್ಚಿನಲ್ಲಿ, ವರದಿ ಯಾರ ಕಪಾಟಿನಲ್ಲಿ ಎಷ್ಟು ವರ್ಷ ಇರುತ್ತದೆ, ಮತ್ತು ನನ್ನ ನೇಮಕ ಪತ್ರಕ್ಕೆ ಸಹಿ ಹಾಕುವ ಸಾಹೇಬರು ಈ ಬಟ್ಟಲಿಗೆ ಕೊಟ್ಟದ್ದು ಯಾವಾಗ?