ಶುಶ್ರೂಷೆಗೆ ಹೊರಡುವ ಮುನ್ನ ಮೂರು ಚುಚ್ಚುಮದ್ದು

ಪ್ಲಸ್ ಟು ಫಲಿತಾಂಶ ಬಂದೊಡನೆ ಕಾಸರಗೋಡಿನ ಅನೇಕ ಕನ್ನಡ ಮನೆಗಳಲ್ಲಿ ನಡೆಯುವ ಸಮಾಲೋಚನೆ ಒಂದೇ: ಮಗಳನ್ನು ನರ್ಸಿಂಗಿಗೆ ಸೇರಿಸುವುದೋ, ಲ್ಯಾಬ್ ಟೆಕ್ನಿಶಿಯನ್ ತರಬೇತಿಗೋ? ಮಂಗಳೂರು ಹತ್ತಿರವಿದೆ, ಕಾಲೇಜುಗಳಿಗೆ ಕೊರತೆಯಿಲ್ಲ. ಶುಲ್ಕ, ವಸತಿ, ಸಮವಸ್ತ್ರ, ಬ್ಯಾಂಕಿನ ಸಾಲ ಎಲ್ಲದರ ಲೆಕ್ಕವೂ ಆಗುತ್ತದೆ. ಆ ಲೆಕ್ಕದಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಬಾಬ್ತೊಂದುಂಟು. ಅದು ಹೆಪಟೈಟಿಸ್ ಬಿ ಲಸಿಕೆ.

ಅರಸಿನಮುಂಡಿಗೆ ಎಂದೊಡನೆ ನಮಗೆ ನೆನಪಾಗುವುದು ಕೊಳಕು ನೀರು ಮತ್ತು ನೆಲನೆಲ್ಲಿಯ ಕಷಾಯ. ನೀರಿನಿಂದ ಬರುವ ಹೆಪಟೈಟಿಸ್ ಎ ಬಹುಮಟ್ಟಿಗೆ ತಾನಾಗಿಯೇ ಇಳಿಯುತ್ತದೆ. ಹೆಪಟೈಟಿಸ್ ಬಿಯ ದಾರಿಯೇ ಬೇರೆ. ಅದು ರಕ್ತದಿಂದ, ದೇಹದ್ರವಗಳಿಂದ, ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಹರಡುತ್ತದೆ. ಸೋಂಕು ತಗಲಿದ ವಯಸ್ಕರಲ್ಲಿ ಬಹುಪಾಲು ಜನ ಗುಣಮುಖರಾದರೂ ಕೆಲವರಲ್ಲಿ ವೈರಾಣು ಯಕೃತ್ತಿನಲ್ಲಿಯೇ ನೆಲೆಸಿ, ಯಾವ ಲಕ್ಷಣವನ್ನೂ ತೋರದೆ, ವರ್ಷಗಳ ಬಳಿಕ ಸಿರೋಸಿಸ್ ಅಥವಾ ಕ್ಯಾನ್ಸರಿಗೆ ಕಾರಣವಾಗುತ್ತದೆ.

ಆಸ್ಪತ್ರೆಯಲ್ಲಿ ದುಡಿಯುವವರಿಗೆ ಇದರ ಭಯ ಹೆಚ್ಚು. ರೋಗಿಗೆ ಚುಚ್ಚಿದ ಸೂಜಿ ಕೈಜಾರಿ ದಾದಿಯ ಬೆರಳಿಗೆ ಚುಚ್ಚಿತೆನ್ನೋಣ. ರೋಗಿಯಲ್ಲಿ ಎಚ್‌ಐವಿ ಇದ್ದರೆ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ರಕ್ತದಲ್ಲಿ ಹೆಪಟೈಟಿಸ್ ಬಿ ವೈರಾಣು ಅಧಿಕವಾಗಿದ್ದು, ದಾದಿ ಲಸಿಕೆ ಪಡೆಯದಿದ್ದರೆ, ಆ ಸಾಧ್ಯತೆ ನೂರಕ್ಕೆ 30ರವರೆಗೂ ಏರಬಹುದು. ಒಣಗಿದ ರಕ್ತದ ಕಲೆಯಲ್ಲಿಯೂ ಈ ವೈರಾಣು ಕನಿಷ್ಠ 7 ದಿನ ಜೀವಂತವಾಗಿರಬಲ್ಲುದು. ಆದುದರಿಂದ ಅಪಾಯ ವೈದ್ಯರಿಗೂ ದಾದಿಯರಿಗೂ ಮಾತ್ರ ಸೀಮಿತವಲ್ಲ. ನೆಲ ಒರೆಸುವವರು, ಬಟ್ಟೆ ಒಗೆಯುವವರು, ಕಸ ಹೊರುವವರು ಎಲ್ಲರೂ ಅದರ ವ್ಯಾಪ್ತಿಯಲ್ಲಿದ್ದಾರೆ.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲಿಯೇ ಇದೆ. ವೈರಾಣುವನ್ನು ಪತ್ತೆಹಚ್ಚಿದ ಬರೂಕ್ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅವರ ಜನ್ಮದಿನವಾದ ಜುಲೈ 28ನ್ನೇ ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸುತ್ತಾರೆ. 1980ರ ದಶಕದಲ್ಲಿ ಲಸಿಕೆ ಬಳಕೆಗೆ ಬಂದಿತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಸಂಸ್ಥೆ ಇದನ್ನು ಭಾರತದಲ್ಲಿಯೇ ತಯಾರಿಸಿದ ಮೇಲೆ ಬೆಲೆ ಇಳಿದು ಸಾಮಾನ್ಯರಿಗೂ ಎಟುಕಿತು. ಲಸಿಕೆ ಎಲ್ಲರನ್ನೂ ತಲುಪಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ನಿದರ್ಶನವಿದೆ. ಅಲ್ಲಿ 1983ರಲ್ಲಿ 10,000ಕ್ಕೂ ಹೆಚ್ಚು ಆರೋಗ್ಯ ಕಾರ್ಯಕರ್ತರಿಗೆ ಈ ಸೋಂಕು ತಗಲಿತ್ತೆಂದು ಅಂದಾಜು. ಸಿಬ್ಬಂದಿಗೆ ಉಚಿತವಾಗಿ ಲಸಿಕೆ ನೀಡಬೇಕೆಂಬ ನಿಯಮ 1991ರಲ್ಲಿ ಬಂದಿತು. 1995ರ ಹೊತ್ತಿಗೆ ಆ ಸಂಖ್ಯೆ ಸುಮಾರು 400ಕ್ಕೆ ಇಳಿದಿತ್ತು.

ನಮ್ಮಲ್ಲಿ ತೊಡಕಿರುವುದು ಮೂರನೆಯ ಚುಚ್ಚುಮದ್ದಿನಲ್ಲಿ. ಮೊದಲನೆಯದಾದ ಒಂದು ತಿಂಗಳಿಗೆ ಎರಡನೆಯದು, ಆರನೆಯ ತಿಂಗಳಿಗೆ ಮೂರನೆಯದು. ಅಷ್ಟರಲ್ಲಿ ಪರೀಕ್ಷೆ, ರಜೆ, ವಾರ್ಡಿನ ಬದಲಾವಣೆ, ಕೆಲಸದ ಬದಲಾವಣೆ ಯಾವುದೋ ಒಂದು ಅಡ್ಡಬಂದು ಅದು ಮರೆತುಹೋಗುತ್ತದೆ. ತಡವಾದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ; ಉಳಿದುದನ್ನು ಪೂರೈಸಿದರೆ ಸಾಕು. ಇನ್ನೊಂದು ಮಾತು: ಲಸಿಕೆ ಪಡೆದ ಆರೋಗ್ಯವಂತ ವಯಸ್ಕರಲ್ಲಿಯೂ ನೂರಕ್ಕೆ 5ರಿಂದ 10 ಮಂದಿಯ ದೇಹದಲ್ಲಿ ಸಾಕಷ್ಟು ಪ್ರತಿಕಾಯ ಹುಟ್ಟುವುದಿಲ್ಲ. ಆದುದರಿಂದ ಆಸ್ಪತ್ರೆಯ ಕೆಲಸಕ್ಕೆ ಹೋಗುವವರು ಕೊನೆಯ ಚುಚ್ಚುಮದ್ದಿನ ಒಂದೆರಡು ತಿಂಗಳೊಳಗೆ ರಕ್ತಪರೀಕ್ಷೆ ಮಾಡಿಸಬೇಕು. ಪ್ರತಿಕಾಯದ ಪ್ರಮಾಣ 10ಕ್ಕಿಂತ ಕಡಿಮೆಯಿದ್ದರೆ ವೈದ್ಯರ ಸಲಹೆಯಂತೆ ಮತ್ತೊಂದು ಸುತ್ತು ಲಸಿಕೆ ಪಡೆಯಬೇಕಾದೀತು.

ರಕ್ಷಣೆ ಎಷ್ಟು ಕಾಲ ಉಳಿಯುತ್ತದೆ? ಇನ್‌ಫ್ಲುಯೆಂಜಾ ಲಸಿಕೆಯನ್ನು ವರ್ಷಕ್ಕೊಮ್ಮೆ ಪಡೆಯಬೇಕು. ಕೋವಿಡ್ ಲಸಿಕೆ ಭಾರತದಲ್ಲಿ 2021ರ ಜನವರಿ 16ರಂದು ಆರೋಗ್ಯ ಕಾರ್ಯಕರ್ತರಿಂದಲೇ ಆರಂಭವಾಯಿತು. ಮರುವರ್ಷ ಜನವರಿಯಲ್ಲಿ ಅವರಿಗೆ ಮುನ್ನೆಚ್ಚರಿಕೆಯ ಡೋಸು ಕೊಡಬೇಕಾಯಿತು. ಹೆಪಟೈಟಿಸ್ ಬಿ ಲಸಿಕೆ ಹಾಗಲ್ಲ. ಅಲಾಸ್ಕಾದಲ್ಲಿ ಲಸಿಕೆ ಪಡೆದವರನ್ನು 30 ವರ್ಷಗಳ ತರುವಾಯ ಪರೀಕ್ಷಿಸಿದಾಗ ಸುಮಾರು ಅರ್ಧದಷ್ಟು ಮಂದಿಯಲ್ಲಿ ಪ್ರತಿಕಾಯ ಇನ್ನೂ ಸಾಕಷ್ಟಿತ್ತು. ಉಳಿದವರಿಗೆ ಒಂದು ಚುಚ್ಚುಮದ್ದು ಕೊಟ್ಟು ನೋಡಿದರೆ ಬಹುತೇಕರ ದೇಹ ಒಡನೆಯೇ ಎಚ್ಚೆತ್ತುಕೊಂಡಿತು. ರಕ್ತದಲ್ಲಿನ ಪ್ರತಿಕಾಯ ಕರಗಿದರೂ ನೆನಪಿನ ಜೀವಕೋಶಗಳು ಉಳಿದಿರುತ್ತವೆ. ಈ ವೈರಾಣು ರೋಗ ತರಲು ತಿಂಗಳುಗಳೇ ಬೇಕು. ಆ ನೆನಪು ಜಾಗೃತವಾಗಲು ಕೆಲವೇ ದಿನ ಸಾಕು. ಒಮ್ಮೆ ಸರಿಯಾಗಿ ಪೂರೈಸಿದ ಲಸಿಕೆ ದುಡಿಮೆಯ ಆಯುಷ್ಯದುದ್ದಕ್ಕೂ ಕಾಯುತ್ತದೆಂಬ ಭರವಸೆಗೆ ಇದೇ ಆಧಾರ.

ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ದೇಶದಾದ್ಯಂತ ಸೇರಿದ್ದು 2011ರ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದವರಲ್ಲಿ ಅನೇಕರಿಗೆ ಶೈಶವದಲ್ಲಿ ಇದು ದೊರೆತಿರಲಿಕ್ಕಿಲ್ಲ. ಈಗ ದಾದಿಯರಾಗಿ ದುಡಿಯುತ್ತಿರುವವರು ಆ ಪೀಳಿಗೆಯವರೇ. ಸೋಂಕಿನ ನಷ್ಟ ದೇಹಕ್ಕಷ್ಟೇ ಅಲ್ಲ. ಗಲ್ಫ್ ರಾಷ್ಟ್ರಗಳಿಗೆ ಉದ್ಯೋಗಕ್ಕೆ ಹೊರಡುವವರ ವೈದ್ಯಕೀಯ ತಪಾಸಣೆಯಲ್ಲಿ ಹೆಪಟೈಟಿಸ್ ಬಿ ಪರೀಕ್ಷೆಯೂ ಉಂಟು. ಸಾಲ ಮಾಡಿ ಕಲಿಸಿದ ಮನೆಗೆ ಒಂದು ಸೂಜಿಯ ಗಾಯ ಎಷ್ಟು ದುಬಾರಿಯಾದೀತೆಂದು ಯೋಚಿಸಬೇಕು.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಹೊಸ ಕಾಲೇಜಿನಲ್ಲಿ ಇಂಗ್ಲಿಷಿಗೆ ಅಂಜಿ, ಕೇಳಬೇಕಾದುದನ್ನೂ ಕೇಳದೆ ಸುಮ್ಮನಿರುವುದುಂಟು. ಹಾಗಾಗಿ ಪ್ರವೇಶದ ದಿನವೇ ಹೆತ್ತವರು ಕೇಳಲಿ: ವಾರ್ಡಿಗೆ ಕಳುಹಿಸುವ ಮೊದಲು ಲಸಿಕೆ ಪೂರ್ಣಗೊಳಿಸುತ್ತೀರಾ? ಪ್ರತಿಕಾಯದ ಪರೀಕ್ಷೆ ಮಾಡಿಸುತ್ತೀರಾ? ಸೂಜಿ ಚುಚ್ಚಿದರೆ ಯಾರಿಗೆ ತಿಳಿಸಬೇಕು? ಮೂರನೆಯದು ಮುಖ್ಯ. ಲಸಿಕೆ ಪಡೆಯದವರಿಗೆ ಸೂಜಿ ಚುಚ್ಚಿದರೆ ಸಾಧ್ಯವಾದಷ್ಟೂ 24 ಗಂಟೆಯೊಳಗೆ ಚಿಕಿತ್ಸೆ ಸಿಗಬೇಕು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಆ ಅವಕಾಶ ಕೈತಪ್ಪುತ್ತದೆ. ಸೇರುವ ಮುನ್ನವೇ ಆರು ತಿಂಗಳ ಬಿಡುವಿದ್ದರೆ ಇಲ್ಲಿಯೇ ಆರಂಭಿಸಿ. ದಿನಾಂಕ ಬರೆದ ಕಾರ್ಡನ್ನು ಅಂಕಪಟ್ಟಿಯ ಜೊತೆಯಲ್ಲಿಯೇ ಜೋಪಾನವಾಗಿಡಿ.