ವೇದಿಕೆಗೆ ಒಪ್ಪುವ ಪಿಯಾನೊ ಯಾವುದು?

ವಾದ್ಯಗಳ ಮಳಿಗೆಯಲ್ಲಿ ಡಿಜಿಟಲ್ ಪಿಯಾನೊದ ಮುಂದೆ ಕೂತವರು ಮೊದಲು ಹೆಡ್‌ಫೋನ್ ಹಾಕಿಕೊಳ್ಳುತ್ತಾರೆ. ನಾಲ್ಕು ಸ್ವರ ನುಡಿಸಿ, ಇದು ನಿಜವಾದ ಗ್ರ್ಯಾಂಡ್ ಪಿಯಾನೊದ ಹಾಗೆ ಕೇಳಿಸುತ್ತದೆಯೇ ಎಂದು ಯೋಚಿಸುತ್ತಾರೆ. ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಆ ಪ್ರಶ್ನೆ ಸಾಕು. ವೇದಿಕೆಯ ಮೇಲೆ ನುಡಿಸಿ ಬದುಕುವವರನ್ನು ಮಾತ್ರ ಅದು ಎಷ್ಟೋ ಸಲ ದಾರಿ ತಪ್ಪಿಸುತ್ತದೆ. ಸ್ಟೇಜ್ ಪಿಯಾನೊ ಎಂಬುದು ಗ್ರ್ಯಾಂಡ್ ಪಿಯಾನೊದ ಅಗ್ಗದ ಪ್ರತಿಯಲ್ಲ. ಅದು ಬೇರೆಯದೇ ವಾದ್ಯ, ಅದನ್ನು ಅಳೆಯುವ ಅಳತೆಗೋಲೂ ಬೇರೆ.

ಇತಿಹಾಸವೂ ಹಾಗೆಯೇ ಹೇಳುತ್ತದೆ. ಸ್ಟೈನ್‌ವೇ ಕಂಪನಿಯ 'ಡಿ' ಮಾದರಿಯ ಕನ್ಸರ್ಟ್ ಗ್ರ್ಯಾಂಡ್ 274 ಸೆಂ.ಮೀ. ಉದ್ದ, 480 ಕಿಲೊ ತೂಕ. ಅದನ್ನು ಊರೂರಿಗೆ ಹೊತ್ತು ತಿರುಗುವ ವಾದ್ಯತಂಡ ಎಲ್ಲಿದೆ? ಅಮೆರಿಕದ ಹೆರಾಲ್ಡ್ ರೋಡ್ಸ್ ತಂತಿಗಳನ್ನೇ ಬಿಟ್ಟು, ಸಣ್ಣ ಲೋಹದ ಕಡ್ಡಿಗಳಿಗೆ ಸುತ್ತಿಗೆ ಬಡಿಯುವಂತೆ ಮಾಡಿ, ಆ ಕಂಪನವನ್ನು ಎಲೆಕ್ಟ್ರಿಕ್ ಗಿಟಾರಿನಂತೆ ಪಿಕಪ್ ಮೂಲಕ ಆಂಪ್ಲಿಫೈಯರ್‌ಗೆ ಕಳಿಸಿದರು. 1970ರಲ್ಲಿ ಫೆಂಡರ್ ಕಂಪನಿಯಿಂದ ರೋಡ್ಸ್ 'ಸ್ಟೇಜ್ ಪಿಯಾನೊ' ಎಂಬ ಹೆಸರಿನಲ್ಲೇ ಒಂದು ಮಾದರಿ ಬಂತು. ಅದರ ನಾದ ಪಿಯಾನೊದ್ದಲ್ಲ. ಮೆಲ್ಲಗೆ ಒತ್ತಿದರೆ ಗಂಟೆಯ ಅನುರಣನ, ಜೋರಾಗಿ ಬಾರಿಸಿದರೆ ಸ್ವಲ್ಪ ಒರಟು ಗುರುಗುಟ್ಟುವಿಕೆ. ಹರ್ಬಿ ಹ್ಯಾನ್‌ಕಾಕ್, ಚಿಕ್ ಕೊರಿಯಾ ಅಂಥವರು ಆ ನಾದವನ್ನೇ ಜಾಝ್‌ನ ಒಂದು ಹೊಸ ದನಿಯಾಗಿ ಬೆಳೆಸಿದರು. ಅದೇ ದಶಕದಲ್ಲಿ ಯಮಾಹಾ ಕಂಪನಿ ನಿಜವಾದ ತಂತಿಗಳಿದ್ದೂ ಎರಡು ಭಾಗವಾಗಿ ಬಿಚ್ಚಿ ಸಾಗಿಸಬಹುದಾದ ಸಿಪಿ-70 ತಯಾರಿಸಿತು. ತೂಕ ನೂರು ಕಿಲೊ ಮೀರಿತ್ತು, ಶ್ರುತಿ ಮಾಡುವ ಕೆಲಸವೂ ತಪ್ಪಲಿಲ್ಲ, ಗ್ರ್ಯಾಂಡ್‌ನ ಗಾಂಭೀರ್ಯವೂ ಬರಲಿಲ್ಲ. ಆದರೂ ಅದರ ಲೋಹದ ಮೊನಚು ದನಿಯನ್ನು ರಾಕ್ ತಂಡಗಳು ಪ್ರೀತಿಸಿದವು. ಇಂಗ್ಲೆಂಡಿನ ಕೀನ್ ತಂಡ ಈ ಶತಮಾನದಲ್ಲೂ ಅದನ್ನು ನುಡಿಸಿತು. 2019ರಲ್ಲಿ ಬಂದ ಯಮಾಹಾ ಸಿಪಿ88ರಲ್ಲಿ ಗ್ರ್ಯಾಂಡ್‌ನ ಟೋನ್‌ಗಳ ಜೊತೆಗೆ ರೋಡ್ಸ್ ಮತ್ತು ಹಳೆಯ ಸಿಪಿ ಮಾದರಿಯ ಟೋನ್‌ಗಳೂ ಇವೆ. ಗ್ರ್ಯಾಂಡ್ ಆಗಲು ಹೊರಟು ಆಗದೆ ಉಳಿದ ವಾದ್ಯಗಳ ದನಿಯನ್ನು ಇಂದಿನ ವಾದಕರು ದುಡ್ಡು ಕೊಟ್ಟು ಕೇಳಿ ಪಡೆಯುತ್ತಿದ್ದಾರೆ.

ಇನ್ನು ನಾದದ ಮಾತು. ಒಂಟಿಯಾಗಿ ಕೇಳಿದಾಗ ಮನಸೆಳೆಯುವ ತುಂಬು ಟೋನ್, ಬೇಸ್ ಗಿಟಾರ್ ಮತ್ತು ಡ್ರಮ್ಸ್ ಸೇರಿದ ಕೂಡಲೇ ಕಲಸಿಹೋಗುತ್ತದೆ. ಮಂದ್ರ ಸ್ವರಗಳ ಜಾಗವನ್ನು ಬೇಸ್ ಆಗಲೇ ಹಿಡಿದಿರುತ್ತದೆ. ಹೀಗಾಗಿ ತೆಳು ಎನಿಸುವ, ಅಂಗಡಿಯಲ್ಲಿ ಯಾರಿಗೂ ಇಷ್ಟವಾಗದ ಬ್ರೈಟ್ ಟೋನ್ ವೇದಿಕೆಯಲ್ಲಿ ಸ್ಪಷ್ಟವಾಗಿ ಎದ್ದು ಕೇಳಿಸುತ್ತದೆ. ಇನ್ನೂ ಒಂದು ಅಪಾಯವಿದೆ. ಡಿಜಿಟಲ್ ಪಿಯಾನೊದ ಸ್ಯಾಂಪಲ್‌ಗಳನ್ನು ಸಾಮಾನ್ಯವಾಗಿ ಎರಡು ಅಥವಾ ಹೆಚ್ಚು ಮೈಕ್ ಇಟ್ಟು ಸ್ಟೀರಿಯೊದಲ್ಲಿ ಧ್ವನಿಮುದ್ರಿಸುತ್ತಾರೆ. ಒಂದೇ ಸ್ವರ ಎರಡು ಮೈಕ್‌ಗಳಿಗೆ ಕೂದಲೆಳೆಯಷ್ಟು ಹಿಂದುಮುಂದಾಗಿ ತಲುಪಿರುತ್ತದೆ. ಹೆಡ್‌ಫೋನಿನಲ್ಲಿ ಈ ವ್ಯತ್ಯಾಸವೇ ವೈಶಾಲ್ಯದ ಅನುಭವ ಕೊಡುತ್ತದೆ. ಎಡ ಬಲ ಎರಡನ್ನೂ ಕೂಡಿಸಿ ಮೋನೊದಲ್ಲಿ ಬಿಟ್ಟರೆ ಕೆಲವು ಕಂಪನಗಳು ಪರಸ್ಪರ ರದ್ದಾಗಿ ದನಿ ಟೊಳ್ಳಾಗುತ್ತದೆ. ನಮ್ಮ ಸಭಾಂಗಣ, ಪೆಂಡಾಲುಗಳ ಎಷ್ಟೋ ಸೌಂಡ್ ಸಿಸ್ಟಂಗಳು ಓಡುವುದು ಮೋನೊದಲ್ಲೇ. ಹೀಗಿರುವಾಗ ಹೆಡ್‌ಫೋನ್ ಪರೀಕ್ಷೆಯಿಂದ ತಿಳಿಯುವುದು ಕಡಿಮೆ.

ನಾದವನ್ನು ಮಿಕ್ಸರ್‌ನಲ್ಲಿ ಸ್ವಲ್ಪವಾದರೂ ತಿದ್ದಬಹುದು, ಕೀಗಳ ಸ್ಪರ್ಶವನ್ನು ತಿದ್ದಲಾಗದು. ಆಯ್ಕೆಯಲ್ಲಿ ಬೆರಳಿನ ಮಾತಿಗೇ ಹೆಚ್ಚು ತೂಕ ಸಲ್ಲಬೇಕು ಎನ್ನಲು ಇದೇ ಕಾರಣ. ಬಿಳಿ ಕೀ ಕಣ್ಣಿಗೆ ಕಾಣುವುದು ಸುಮಾರು 15 ಸೆಂ.ಮೀ. ಮಾತ್ರ. ಗ್ರ್ಯಾಂಡ್ ಪಿಯಾನೊದಲ್ಲಿ ಅದು ಒಳಗೆ ಇನ್ನೂ ಉದ್ದಕ್ಕೆ ಚಾಚಿರುವುದರಿಂದ ತುದಿಯಲ್ಲಿ ಒತ್ತಿದರೂ ಹಿಂಭಾಗದಲ್ಲಿ ಒತ್ತಿದರೂ ಶ್ರಮದಲ್ಲಿ ಅಂಥ ವ್ಯತ್ಯಾಸವಿಲ್ಲ. ಚಿಕ್ಕ ಡಬ್ಬಿಯಂಥ ಪಿಯಾನೊಗಳಲ್ಲಿ ಕೀ ತಿರುಗುವ ಬಿಂದು ಹತ್ತಿರದಲ್ಲೇ ಇರುತ್ತದೆ. ಕಪ್ಪು ಕೀಗಳ ನಡುವೆ ಬೆರಳು ತೂರಿಸಿ ಬಿಳಿ ಕೀಯನ್ನು ಹಿಂಭಾಗದಲ್ಲಿ ಒತ್ತಿ ನೋಡಿದರೆ ಗೊತ್ತಾಗುತ್ತದೆ: ಗಟ್ಟಿ, ಮೊಂಡು, ಮೆಲ್ಲಗೆ ನುಡಿಸಹೋದರೆ ಸ್ವರವೇ ಹುಟ್ಟದು. ಎರಡು ಗಂಟೆಯ ಕಾರ್ಯಕ್ರಮದ ಕೊನೆಗೆ ಮುಂಗೈ ನೋಯುವುದು ಇಂಥ ಕಡೆಯೇ. 128 ಸ್ವರ ಒಟ್ಟಿಗೆ ನುಡಿಯುತ್ತದೆ, 256 ನುಡಿಯುತ್ತದೆ ಎಂಬ ಜಾಹೀರಾತಿನ ಅಂಕಿಗಳಿಗಿಂತ ಈ ಒಂದು ಪರೀಕ್ಷೆ ದೊಡ್ಡದು.

ಉದ್ದದ ಮರದ ಕೀಗಳೇ ಬೇಕೆಂದರೆ ಬೆನ್ನು ಅದಕ್ಕೆ ಬೆಲೆ ತೆರಬೇಕು. ಮರದ ಕೀಗಳ ಕವಾಯ್ ಎಂಪಿ11 30 ಕಿಲೊ ಮೀರುತ್ತದೆ. ರೋಲ್ಯಾಂಡ್ ಆರ್‌ಡಿ-2000 ಸುಮಾರು 22 ಕಿಲೊ, ಯಮಾಹಾ ಸಿಪಿ88 18.6 ಕಿಲೊ, ರೋಲ್ಯಾಂಡ್ ಆರ್‌ಡಿ-88 13.5 ಕಿಲೊ, ಕ್ಯಾಸಿಯೊ ಪಿಎಕ್ಸ್-ಎಸ್1000 11 ಕಿಲೊ ಚಿಲ್ಲರೆ. ಇದರ ಮೇಲೆ ಗಟ್ಟಿ ಪೆಟ್ಟಿಗೆಯ ಭಾರ ಬೇರೆ. ಸ್ವಂತ ವ್ಯಾನ್, ಹೊರಲು ಸಹಾಯಕರು ಇರುವವರ ಲೆಕ್ಕ ಒಂದು. ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೋ ಶಿವಮೊಗ್ಗಕ್ಕೋ ಹೊರಡುವವರ ಲೆಕ್ಕವೇ ಬೇರೆ. ಎರಡನೆಯವರು ಸ್ಪರ್ಶದಲ್ಲಿ ಸ್ವಲ್ಪ ಬಿಟ್ಟುಕೊಟ್ಟು ಹಗುರವಾದದ್ದನ್ನು ಆರಿಸಿದರೆ ಅದು ರಾಜಿಯಲ್ಲ, ವಿವೇಕ.

ಕರ್ನಾಟಕದ ಆರ್ಕೆಸ್ಟ್ರಾ ವಾದಕರಿಗೆ ಮತ್ತೂ ಮೂಲಭೂತವಾದ ಪ್ರಶ್ನೆಯಿದೆ: ಸ್ಟೇಜ್ ಪಿಯಾನೊ ಬೇಕೇ? ಸಿನಿಮಾ ಗೀತೆಗಳಲ್ಲಿ ಒಬ್ಬರೇ ಕೊಳಲು, ಪಿಟೀಲು ವೃಂದ, ವೀಣೆ ಎಲ್ಲವನ್ನೂ ನುಡಿಸಬೇಕಾಗುತ್ತದೆ. ಗಮಕಕ್ಕೆ, ಜಾರು ಸ್ವರಕ್ಕೆ ಬೆಂಡ್ ವೀಲ್ ಇಲ್ಲದೆ ಆಗದು. ಹಲವು ಪಿಯಾನೊಗಳಲ್ಲಿ ಅದು ಇಲ್ಲವೇ ಇಲ್ಲ. ಸುತ್ತಿಗೆಯ ಭಾರವಿರುವ ಕೀಗಳು ಕೊಳಲಿನ ವೇಗದ ಓಟಕ್ಕೆ ಅಡ್ಡಿ. ಒಬ್ಬ ಗಾಯಕರು ತಮ್ಮ ಶ್ರುತಿ ಕಪ್ಪು ಎರಡು, ಇನ್ನೊಬ್ಬರು ಬಿಳಿ ಐದು ಎನ್ನುವಾಗ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಕೈಗೆ ತಕ್ಷಣ ಸಿಗಬೇಕು. ಅಂಥವರಿಗೆ ಹಗುರ ಕೀಗಳ 61 ಕೀ ವಾದ್ಯವೇ ಸರಿ. ಪಿಯಾನೊವೇ ಮುಖ್ಯವಾದ ಸಂಗೀತಕ್ಕೆ, ಅಂದರೆ ಜಾಝ್, ಚರ್ಚ್ ಗಾಯನ, ಪಾಶ್ಚಾತ್ಯ ಶಾಸ್ತ್ರೀಯಕ್ಕೆ, ಭಾರವಿರುವ 88 ಕೀಗಳು ಅನಿವಾರ್ಯ.

ಲ್ಯಾಪ್‌ಟಾಪ್‌ನಲ್ಲಿ ಸಾಫ್ಟ್‌ವೇರ್ ಪಿಯಾನೊ ಓಡಿಸಿದರೆ ಇವೆಲ್ಲಕ್ಕಿಂತ ಒಳ್ಳೆಯ ನಾದ ಸಿಗುತ್ತದೆ ಎಂಬ ವಾದವಿದೆ. ನಾದದ ಮಟ್ಟಿಗೆ ಅದು ನಿಜ, ಸ್ಟುಡಿಯೊದಲ್ಲಿ ಅದೇ ಸೂಕ್ತ. ಜನರೇಟರ್ ಮೇಲೆ ನಡೆಯುವ ಬಯಲು ಕಾರ್ಯಕ್ರಮದಲ್ಲಿ ಮಾತ್ರ ಪ್ರತಿ ಹೆಚ್ಚುವರಿ ಕೇಬಲ್ ಇನ್ನೊಂದು ತೊಂದರೆಯ ಮೂಲ. ವಿದ್ಯುತ್ ಒಂದು ಕ್ಷಣ ಹೋಗಿ ಬಂದರೂ ಡಿಜಿಟಲ್ ವಾದ್ಯ ಮತ್ತೆ ಮೊದಲಿನಿಂದ ಶುರುವಾಗಬೇಕು, ಅಷ್ಟು ಹೊತ್ತು ಹಾಡು ಅನಾಥ. ಚಿಕ್ಕ ಯುಪಿಎಸ್ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು. ಪಿಎಕ್ಸ್-ಎಸ್1000 ಆರು ಎಎ ಬ್ಯಾಟರಿಗಳಲ್ಲೂ ನಡೆಯುತ್ತದೆ, ಇಂಥ ಕಡೆ ಈ ಸಣ್ಣ ಸೌಲಭ್ಯ ದೊಡ್ಡ ಉಪಕಾರ. ಧೂಳೂ ಹಗೆಯೇ: ಕೀಗಳ ಕೆಳಗಿನ ರಬ್ಬರ್ ಪಟ್ಟಿಗಳಲ್ಲಿ ಧೂಳು ಕೂತರೆ ಒಂದು ಸ್ವರ ಸುಮ್ಮನಾಗುತ್ತದೆ, ಇನ್ನೊಂದು ಮೆಲ್ಲಗೆ ಮುಟ್ಟಿದರೂ ಕಿರುಚುತ್ತದೆ. ಆ ಪಟ್ಟಿ ಹತ್ತಿರದ ಊರಿನಲ್ಲಿ ಸಿಗುತ್ತದೆಯೇ, ಬದಲಿಸಬಲ್ಲ ರಿಪೇರಿಯವರು ಇದ್ದಾರೆಯೇ ಎಂದು ಕೊಳ್ಳುವ ಮುನ್ನವೇ ವಿಚಾರಿಸಬೇಕು.

ಹಣ ಕೊಡುವ ಮುನ್ನ ಅಂಗಡಿಯವರನ್ನು ಒಂದು ಮಾತು ಕೇಳಿ. ಹೆಡ್‌ಫೋನ್ ತೆಗೆದು, ಒಂದೇ ಕೇಬಲ್‌ನಲ್ಲಿ ಮೋನೊ ಆಗಿ ದೊಡ್ಡ ಸ್ಪೀಕರ್‌ಗೆ ಜೋಡಿಸಿಕೊಡಲಿ. ನಿಮ್ಮ ಕಾರ್ಯಕ್ರಮದ ಹಾಡುಗಳನ್ನೇ ಅರ್ಧ ಗಂಟೆ ನುಡಿಸಿ, ಆಮೇಲೆ ವಾದ್ಯವನ್ನು ಒಬ್ಬರೇ ಎತ್ತಿ ಬಾಗಿಲವರೆಗೆ ನಡೆದು ನೋಡಿ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.