ಶರೀರಶಾಸ್ತ್ರವೂ ತಾಯ್ನುಡಿಯೂ

1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ವೈದ್ಯಶಾಸ್ತ್ರವನ್ನು ಸಹ ಉರ್ದುವಿನಲ್ಲಿಯೇ ಬೋಧಿಸಿತು. ದೇಶಭಾಷೆಗಳು ಶಾಸ್ತ್ರವನ್ನು ಹೊರಲಾರವೆಂಬವರಿಗೆ ಇದೊಂದೇ ಉತ್ತರ ಸಾಕು. ಆದರೆ ಅದೇ ಸಂಸ್ಥಾನಕ್ಕೆ ಸೇರಿದ್ದ ಬಳಿಚಕ್ರದ ಕನ್ನಡ ಬಾಲಕನಿಗೆ ಪ್ರೌಢಶಾಲೆಯಲ್ಲಿ ತನ್ನ ಎಲುಬುಗಳ ಹೆಸರನ್ನು ತನ್ನ ನುಡಿಯಲ್ಲಿ ಕಲಿಯುವ ಭಾಗ್ಯವಿರಲಿಲ್ಲ.

1956ರ ಏಕೀಕರಣದ ತರುವಾಯ ಕಾಲ ಬದಲಾಯಿತು. ಇಂದು ಹತ್ತನೆಯ ತರಗತಿಯವರು ಹೃದಯದ ನಾಲ್ಕು ಕೋಣೆಗಳನ್ನು ಕನ್ನಡದಲ್ಲಿಯೇ ಓದುತ್ತಾರೆ. ಮರುವರ್ಷವೇ ಪದವಿಪೂರ್ವ ವಿಜ್ಞಾನದ ಪಾಠವು ಇಂಗ್ಲಿಷಿಗೆ ಹೊರಳುತ್ತದೆ. ಹೃತ್ಕರ್ಣವನ್ನು ಬಲ್ಲವನು ಏಟ್ರಿಯಂ ಎಂದೊಡನೆ ಬೆಪ್ಪಾಗಿ, ಜಾಣನಾದರೂ ದಡ್ಡನೆನಿಸಿಕೊಳ್ಳುತ್ತಾನೆ. ವೈದ್ಯಕೀಯ ಪ್ರವೇಶಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು 2017ರಿಂದ ಅನುಮತಿಯುಂಟು. ಬೋಧನೆಯೇ ಇಲ್ಲದ ಮೇಲೆ ಅನುಮತಿಯಿಂದೇನು? ಪದವಿಪೂರ್ವದ ಮೊದಲ ತಿಂಗಳುಗಳಲ್ಲಾದರೂ ಎರಡೂ ಭಾಷೆಗಳಲ್ಲಿ ಪಾಠ ನಡೆಯತಕ್ಕದ್ದೆಂದು ನಾವು ಸರಕಾರವನ್ನು ಆಗ್ರಹಪಡಿಸುತ್ತೇವೆ.

ಉಪಾಧ್ಯಾಯರಲ್ಲಿಯೂ ನಮ್ಮದೊಂದು ಬಿನ್ನಹವುಂಟು. ಯಾದಗಿರಿ ಸೀಮೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಅಧಿಕವಾಗಿದೆ. ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದ ನೀರು ಮಕ್ಕಳ ಹಲ್ಲಿಗೆ ಕಲೆ ತರುತ್ತದೆ. ಬಹಳ ಮೀರಿದ್ದನ್ನು ಬಹುಕಾಲ ಕುಡಿದವರ ಬೆನ್ನು ಸೆಟೆಯುತ್ತದೆ. ಗೋಡೆಯ ಪಟದಲ್ಲಿ 206 ಎಲುಬುಗಳನ್ನು ಎಣಿಸಿದ ಹುಡುಗಿಗೆ ಅಜ್ಜನ ಬೆನ್ನೇಕೆ ಬಾಗದೆಂಬುದು ತಿಳಿಯದಿದ್ದರೆ ಆ ಎಣಿಕೆಯ ಫಲವೇನು? ಊರಿನ ನೀರನ್ನು ಪರೀಕ್ಷೆಗೆ ಕಳುಹಿಸಿ, ಬಂದ ಅಂಕೆಯನ್ನು ಅದೇ ಪಟದ ಪಕ್ಕದಲ್ಲಿ ಬರೆದಿಡಿರಿ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಮೊದಲ ಎಂಟು ವರ್ಷಗಳಲ್ಲಿಯೇ ಈ ಕೆಡುಕು ತಗಲುವುದರಿಂದ, ಅಕ್ಕನ ತಿಳಿವು ತಮ್ಮನ ಹಲ್ಲನ್ನು ಉಳಿಸಬಲ್ಲುದು.